ಅತ್ತೆಯವರು ತೊಳೆದ ಅರ್ಧ ಡಾಲರ್

ನಾಣ್ಯದಂಗಡಿಯವನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅರೆಕ್ಷಣ ನೋಡಿದ. ‘ಯಾರೋ ಉಜ್ಜಿದ್ದಾರೆ’ ಎಂದು ಗೊಣಗಿ ನನ್ನ 1943ರ ಅರ್ಧ ಡಾಲರನ್ನು ತಕ್ಕಡಿಗೆ ಎಸೆದ. ಇಡಲಿಲ್ಲ, ಎಸೆದ. ಟಂಕಸಾಲೆಯಿಂದ ಹೊರಡುವಾಗ 12.5 ಗ್ರಾಂ ತೂಗುತ್ತಿದ್ದ ನಾಣ್ಯ. ನೂರಕ್ಕೆ 90 ಪಾಲು ಬೆಳ್ಳಿ. ಆ ಹನ್ನೊಂದು ಚಿಲ್ಲರೆ ಗ್ರಾಂ ಬೆಳ್ಳಿಗೆ ಎಷ್ಟೋ ಅಷ್ಟು ಕೊಡುತ್ತಾನಂತೆ, ಮೇಲೊಂದು ಕಾಸೂ ಇಲ್ಲವಂತೆ.

ಉಜ್ಜಿದವರು ‘ಯಾರೋ’ ಅಲ್ಲ, ತುಮಕೂರಿನಿಂದ ಬಂದಿದ್ದ ನಮ್ಮ ಅತ್ತೆಯವರು. ನ್ಯೂಜೆರ್ಸಿಗೆ ಬಂದರೆ ಅವರಿಗೆ ಕೈ ಕಟ್ಟಿಹಾಕಿದಂತಾಗುತ್ತದೆ. ಪಾತ್ರೆ ತೊಳೆಯುವ ಯಂತ್ರದ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಅದು ತೊಳೆದದ್ದನ್ನು ಮತ್ತೊಮ್ಮೆ ತೊಳೆದೇ ಒಳಗಿಡುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ಕಲಶ, ಪಂಚಪಾತ್ರೆ, ದೀಪದ ಕಂಬಗಳೆಲ್ಲ ಹೊರಗೆ ಬಂದವು. ಹುಣಸೆಹಣ್ಣನ್ನು ಊರಿನಿಂದಲೇ ತಂದಿದ್ದರು. ಇಲ್ಲಿ ಸಿಗುವ ಹುಣಸೆಗೆ ಹುಳಿಯೇ ಇಲ್ಲವೆಂದು ಅವರ ವಾದ. ಅದರಲ್ಲಿ ನೆನೆಸಿ, ಸೀಗೆಪುಡಿ ಹಾಕಿ ತಿಕ್ಕಿ, ಕೊನೆಗೆ ಹಳೆಯ ಸೀರೆಯ ತುಂಡಿಗೆ ವಿಭೂತಿ ಹಚ್ಚಿ ಒರೆಸುವುದು ಕ್ರಮ. ಮೇಜಿನ ಖಾನೆಯಲ್ಲಿದ್ದ ನನ್ನ ನಾಣ್ಯ ಅವರ ಕಣ್ಣಿಗೆ ಬಿದ್ದದ್ದು ಆಗಲೇ. ಉದಯಿಸುವ ಸೂರ್ಯನತ್ತ ನಡೆದಿರುವ ಹೆಂಗಸು, ತೋಳಿನಲ್ಲಿ ಎಲೆಗೊಂಚಲು. ಶಿಲ್ಪಿ ಅಡಾಲ್ಫ್ ವೈನ್‌ಮನ್ 1916ರಲ್ಲಿ ಅವಳನ್ನು ಸ್ವಾತಂತ್ರ್ಯದೇವಿ ಎಂದು ಕೆತ್ತಿರಬಹುದು, ಅತ್ತೆಯವರ ಪ್ರಕಾರ ಅವಳು ಲಕ್ಷ್ಮಿ. ‘ದೇವಿಯನ್ನು ಇಷ್ಟು ಕಪ್ಪಾಗಿ ಇಟ್ಟುಕೊಳ್ಳುತ್ತಾರೆಯೇ? ಮನೆಗೆ ಒಳ್ಳೆಯದೇ?’ ಎಂದು ನನ್ನ ಹೆಂಡತಿಯನ್ನು ಗದರಿದರಂತೆ. ಸಂಜೆ ನಾನು ಬರುವಷ್ಟರಲ್ಲಿ ದೇವಿ ಥಳಥಳಿಸುತ್ತ ಕಲಶದೊಳಗೆ ಸೇರಿಯಾಗಿತ್ತು.

ಸಂಗ್ರಾಹಕರು ಈ ನಾಣ್ಯದಲ್ಲಿ ಹುಡುಕುವುದು ಆ ಹೆಂಗಸಿನ ಉಡುಪಿನ ನೆರಿಗೆಗಳನ್ನು. ನೆರಿಗೆ ಎದ್ದು ಕಂಡರೆ ಬೆಲೆ, ಮಾಸಿದ್ದರೆ ತಕ್ಕಡಿ. ಸೀರೆಯ ನೆರಿಗೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ನಮ್ಮ ಅತ್ತೆಯವರು ವಿಭೂತಿಯಿಂದ ಅಳಿಸಿದ್ದೂ ಅದನ್ನೇ.

ಆದರೆ ನನಗೆ ಸಿಟ್ಟು ಅವರ ಮೇಲಲ್ಲ. ಗಾಳಿಯ ಗಂಧಕ ತಾಗಿ ಬೆಳ್ಳಿ ಕಪ್ಪಿಟ್ಟರೆ ಅದಕ್ಕೊಂದು ಸೊಗಸಾದ ಹೆಸರಿಟ್ಟು ಹೆಚ್ಚು ದುಡ್ಡು ಕೊಡುವ ಈ ಜನ ತೊಳೆದದ್ದಕ್ಕೆ ಮಾತ್ರ ಮೂಗು ಮುರಿಯುತ್ತಾರೆ. ಇವರು ನಾಣ್ಯಕ್ಕೆ ಅಂಕ ಕೊಡುವುದು ಎಪ್ಪತ್ತಕ್ಕೆ. ಎಪ್ಪತ್ತೇ ಏಕೆ? ಹಳೆಯ ತಾಮ್ರದ ಒಂದು ಸೆಂಟಿನ ನಾಣ್ಯಗಳಲ್ಲಿ ಅತ್ಯುತ್ತಮವಾದದ್ದು ತೀರಾ ಸವೆದದ್ದರ ಎಪ್ಪತ್ತರಷ್ಟು ಬಾಳುತ್ತದೆ ಎಂದು ನಾಣ್ಯ ಸಂಗ್ರಾಹಕ ವಿಲಿಯಂ ಶೆಲ್ಡನ್ 1949ರಲ್ಲಿ ಲೆಕ್ಕ ಹಾಕಿದ್ದರಿಂದ. ಆ ಬೆಲೆಯ ಲೆಕ್ಕ ಎಂದೋ ಕೆಟ್ಟಿತು, ಎಪ್ಪತ್ತು ಮಾತ್ರ ಉಳಿಯಿತು! ಅಷ್ಟಕ್ಕೂ 1943ರಲ್ಲಿ ಈ ನಾಣ್ಯ ಐದು ಕೋಟಿಗೂ ಹೆಚ್ಚು ಅಚ್ಚಾಗಿತ್ತು. ಉಜ್ಜದಿದ್ದರೂ ಅವನೇನು ಮಹಾ ಕೊಡುತ್ತಿದ್ದ? 1921ರಲ್ಲಿ ಡೆನ್ವರ್‌ನಲ್ಲಿ ಅಚ್ಚಾದ 2,08,000ದಲ್ಲಿ ಒಂದಾಗಿದ್ದರೆ ಮಾತು ಬೇರೆ. ಆಗ ಮನೆಯಲ್ಲಿ ಮಾತೇ ನಿಂತುಹೋಗುತ್ತಿತ್ತು.

ನಾಣ್ಯದ ನಿಜವಾದ ಬೆಲೆ ಯಾವುದು ಎಂಬ ಬಗ್ಗೆ ಗಂಭೀರವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೆ. ಆ ವಿಷಯವನ್ನು ಅತ್ತೆಯವರು ಅದೇ ಹಬ್ಬದ ಹಿಂದಿನ ದಿನ ಇತ್ಯರ್ಥ ಮಾಡಿಬಿಟ್ಟಿದ್ದಾರೆ. ಖಾನೆಯಲ್ಲಿದ್ದ ಕೆನೆಡಿ ತಲೆಯ ಮೂರು ಅರ್ಧ ಡಾಲರುಗಳನ್ನೂ ಪರೀಕ್ಷಿಸಿದರು. 1964ರದು ಪಾಸಾಯಿತು, ಅದರಲ್ಲೂ ಬೆಳ್ಳಿ 90 ಪಾಲೇ. 1967ರದನ್ನು ಅಡುಗೆಮನೆಯ ಕಲ್ಲಿನ ಮೇಲೆ ಬೀಳಿಸಿ, ಕಿವಿಗೊಟ್ಟು, ‘ಕಲಬೆರಕೆ’ ಎಂದರು. ಹೌದು, 1965ರ ಕಾನೂನು ಬೆಳ್ಳಿಯನ್ನು 40 ಪಾಲಿಗೆ ಇಳಿಸಿತ್ತು. 1974ರದರ ಅಂಚಿನ ತಾಮ್ರದ ಗೆರೆ ಕಂಡದ್ದೇ ತಡ, ‘ಇದು ದೇವರಿಗೆ ಬೇಡ, ಖರ್ಚು ಮಾಡಿಬಿಡು’ ಎಂದು ಮೊಮ್ಮಗಳ ಕೈಗೆ ಹಾಕಿದರು.

ಅವಳು ಅದನ್ನು ಚಾಕೊಲೇಟಿಗೆ ಕೊಟ್ಟಳು. ಅಂಗಡಿಯ ಹುಡುಗ ಅಂಥ ನಾಣ್ಯವನ್ನು ಕಂಡವನೇ ಅಲ್ಲ. ಎರಡೂ ಮಗ್ಗುಲು ತಿರುಗಿಸಿ ನೋಡಿ ಮ್ಯಾನೇಜರನ್ನು ಕೂಗಿದ.