ಎಂಟು ಮರಿಗಳ ಲೆಕ್ಕ

ಕಳೆದ ನವೆಂಬರಿನಲ್ಲಿ ಒಂದು ರಾತ್ರಿ, ಹನ್ನೊಂದು ಗಂಟೆ ದಾಟಿದ ಮೇಲೆ, ಅಮೆರಿಕದ ನಾರ್ತ್ ಕೆರೊಲಿನಾದ ಗುಡ್ಡಗಾಡಿನಲ್ಲಿ ನಾವು ಮೂವರು ಒಂದು ನಾಯಿಯನ್ನು ಹುಡುಕುತ್ತಾ ಅಲೆಯುತ್ತಿದ್ದೆವು. ಹಣೆಗೆ ದೀಪ, ಮೊಣಕಾಲವರೆಗೆ ರಬ್ಬರ್ ಬೂಟು. ಪಕ್ಕದ ಮನೆಯ ಅಜ್ಜನ ಕೈಯಲ್ಲಿ ವಾಕಿಟಾಕಿಯಂಥ ಗಾರ್ಮಿನ್ ಡಬ್ಬಿ. ನಾಯಿಯ ಕೊರಳಿನ ಜಿಪಿಎಸ್ ಪಟ್ಟಿ ಹೇಳುವ ಪ್ರಕಾರ ಅದು ಮುನ್ನೂರು ಗಜ ದೂರದಲ್ಲಿದೆ. ಅಲುಗಾಡುತ್ತಿಲ್ಲ. ಸದ್ದೂ ಇಲ್ಲ. ಕಾಲಿಗೆ ಏನೋ ಸಿಕ್ಕಿಕೊಂಡಿದೆ ಅಂತ ಅಜ್ಜನಿಗೆ ಗಾಬರಿ.

ಹೋಗಿ ನೋಡಿದರೆ ನಾಯಿ ಆರಾಮಾಗಿ ಒಂದು ಓಕ್ ಮರದ ಕೆಳಗೆ ನಿಂತಿತ್ತು. ಮುಂಗಾಲು ಒಂದು ಮಡಚಿದೆ, ಬಾಲ ಕೋಲಿನ ಹಾಗೆ ನೆಟ್ಟಗಿದೆ, ಮೂತಿ ಮರದ ಕಡೆಗಿದೆ. ದೀಪ ಮೇಲೆತ್ತಿದರೆ ಕೊಂಬೆಯ ಸಂದಿನಲ್ಲಿ ರಕೂನ್ ಅನ್ನುವ, ಬೆಕ್ಕಿಗಿಂತ ದೊಡ್ಡದಾದ ಕಾಡುಪ್ರಾಣಿಯ ಎರಡು ಕಣ್ಣು ಮಿಣಮಿಣ. ಅಂದರೆ ನಾಯಿ ಕೆಲಸ ಮಾಡಿದೆ. ಹೇಳುವುದನ್ನು ಮಾತ್ರ ಮರೆತಿದೆ! ಅಜ್ಜನ ಮೊಮ್ಮಗ ತಲೆ ಮೇಲೆ ಕೈಹೊತ್ತು ಕೂತ. ಕನ್ನಡದವನಾಗಿದ್ದರೆ ಖಂಡಿತ "ಬೊಗಳೋ ಮಾರಾಯ" ಅನ್ನುತ್ತಿದ್ದ.

ಈ ನಾಯಿ ಆ ಮೊಮ್ಮಗನದೇ ಪ್ರಯೋಗ. ತಾಯಿ ಇಂಗ್ಲಿಷ್ ಪಾಯಿಂಟರ್, ಅಂದರೆ ಹಕ್ಕಿ ಬೇಟೆಯ ನಾಯಿ. ತಂದೆ ಟ್ರೀಯಿಂಗ್ ವಾಕರ್, ರಕೂನನ್ನು ಅಟ್ಟಿ ಮರ ಹತ್ತಿಸುವ ಕೂನ್‌ಹೌಂಡ್. ಒಂದೇ ಸೂಲಿಗೆ ಎಂಟು ಮರಿ. ತಾಯಿಯ ಓಟ, ತಂದೆಯ ಮೂಗು ಎರಡೂ ಬಂದರೆ ಇಡೀ ಕೌಂಟಿಯಲ್ಲಿ ತನ್ನ ನಾಯಿಗೆ ಸಾಟಿ ಇರಲ್ಲ ಅನ್ನುವುದು ಅವನ ಲೆಕ್ಕ. ಇಲ್ಲಿ ಇಂಥ ಲೆಕ್ಕ ಹಾಕುವವರು ಇವನೊಬ್ಬನೇ ಅಲ್ಲ. ಬೇಟೆಯವರು ನಾಲ್ಕು ಜನ ಸೇರಿದ ಕಡೆ "ಇದನ್ನ ಅದಕ್ಕೆ ಹಾಕಿದ್ರೆ ಹೇಗೆ" ಅನ್ನುವ ಮಾತು ಬಂದೇ ಬರುತ್ತದೆ.

ಕಾಮೆಂಟಿನಲ್ಲಿ ಬೈಯುವ ಮೊದಲು ಒಂದು ಮಾತು. ನಾನು ಬಂದೂಕು ಹಿಡಿಯುವವನಲ್ಲ. ನಮ್ಮ ದೇಶದಲ್ಲಿ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಇದೆ, ಅದು ಒಳ್ಳೆಯದೇ. ಇಲ್ಲಿ ಲೈಸೆನ್ಸು, ಸೀಸನ್ನು ಎಲ್ಲ ಇರುವ ಬೇಟೆ. ರಾತ್ರಿ ಪಂದ್ಯಗಳಲ್ಲಂತೂ ರಕೂನನ್ನು ಕೊಲ್ಲುವುದೇ ಇಲ್ಲ. ನಾಯಿ ಮರ ಹತ್ತಿಸಿದ್ದಕ್ಕೆ ಅಂಕ, ರಕೂನು ಮರದಲ್ಲೇ. ನಾನು ಹೋಗುವುದು ನಾಯಿಗಳ ಕೂಗು ಕೇಳಲಿಕ್ಕೆ.

ಆ ಕೂಗು ಕೇಳಿದವರಿಗೇ ಗೊತ್ತು. ಜಾಡು ಹಳೆಯದಿದ್ದರೆ ಎಲ್ಲೋ ದೂರದಲ್ಲಿ ಉದ್ದಕ್ಕೆ ಎಳೆದು ಊಳಿಡುತ್ತವೆ. ಜಾಡು ಬಿಸಿಯಾದಂತೆ ಕೂಗಿನ ನಡುವಿನ ಬಿಡುವು ಕಡಿಮೆಯಾಗುತ್ತದೆ. ಪ್ರಾಣಿ ಮರ ಹತ್ತಿತೋ, ರಾಗವೇ ಬೇರೆ. ನಿಂತಲ್ಲೇ ನಿಂತು, ಕೊಡಲಿಯಲ್ಲಿ ಕಟ್ಟಿಗೆ ಕಡಿದ ಹಾಗೆ, ಒಂದೇ ಸಮನೆ ಬೊಗಳು. ಅಜ್ಜ ಲಾರಿಯಂಥ ತನ್ನ ಪಿಕಪ್ಪಿಗೆ ಒರಗಿ ಕಾಫಿ ಕುಡಿಯುತ್ತಾ "ಈಗ ಹಳ್ಳ ದಾಟಿತು, ಈಗ ಜಾಡು ತಪ್ಪಿತು, ಈಗ ಮರ" ಅಂತ ಕಾಮೆಂಟರಿ ಕೊಡುತ್ತಾರೆ. ಕತ್ತಲಲ್ಲಿ ಬೇಟೆಗಾರನಿಗೆ ಕಣ್ಣಿಲ್ಲ. ನಾಯಿಯ ಬಾಯೇ ಅವನ ಕಣ್ಣು. ಜಿಪಿಎಸ್ ಎಲ್ಲ ನಿನ್ನೆ ಮೊನ್ನೆಯದು.

ಪಾಯಿಂಟರ್ ಇದಕ್ಕೆ ಪೂರ್ತಿ ಉಲ್ಟಾ. ಅದರ ಕೆಲಸ ಹಗಲು, ಬಯಲಿನಲ್ಲಿ. ಬಾಬ್‌ವೈಟ್ ಅಂತ ನಮ್ಮ ಗೌಜಲಕ್ಕಿಯ ಹಾಗಿರುವ ಪುಟ್ಟ ಹಕ್ಕಿ, ಹಿಂಡು ಕಟ್ಟಿಕೊಂಡು ಹುಲ್ಲಿನಲ್ಲಿ ಅಡಗಿ ಕೂತಿರುತ್ತದೆ. ಪಾಯಿಂಟರ್ ತಲೆ ಎತ್ತಿ ಗಾಳಿಯಲ್ಲಿ ಬರುವ ವಾಸನೆ ಹಿಡಿಯುತ್ತದೆ. ಸಿಕ್ಕ ಕೂಡಲೇ ಕಲ್ಲಾಗುತ್ತದೆ. ಉಸಿರೆತ್ತಬಾರದು, ಒಂದು ಹೆಜ್ಜೆ ಮುಂದಿಡಬಾರದು. ಇಟ್ಟರೆ ಹಕ್ಕಿಗಳೆಲ್ಲ ಭರ್ರಂತ ಹಾರಿ ಹೋಗುತ್ತವೆ. ಕೂನ್‌ಹೌಂಡ್ ಮೂಗನ್ನು ನೆಲಕ್ಕೆ ಒತ್ತಿ ಪ್ರಾಣಿ ಕಾಲಿಟ್ಟ ಜಾಗವನ್ನೇ ಹಿಡಿದು ಹೋಗುವ ನಾಯಿ. ಒಂದಕ್ಕೆ ನಿಲ್ಲುವುದೇ ಕಸುಬು, ಇನ್ನೊಂದಕ್ಕೆ ನಿಲ್ಲದೆ ಹೋಗುವುದು. ಒಂದು ಬಾಯಿ ಬಿಟ್ಟರೆ ಕೆಟ್ಟಿತು, ಇನ್ನೊಂದು ಬಾಯಿ ಮುಚ್ಚಿದರೆ ಕೆಟ್ಟಿತು. ಇವೆರಡನ್ನೂ ಒಂದೇ ತಲೆಯೊಳಗೆ ತುಂಬಿದರೆ ಆ ನಾಯಿ ಯಾರ ಮಾತು ಕೇಳಬೇಕು ಹೇಳಿ?

ಎರಡು ವಾರ ಬಿಟ್ಟು ಮರದ ಕೆಳಗಿನ ಮೌನಿಯ ತಂಗಿಯನ್ನು ಹಕ್ಕಿ ಬಯಲಿಗೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಹುಡುಗಿ ತಲೆ ತಗ್ಗಿಸಿ ಒಂದು ಮೊಲದ ಜಾಡು ಹಿಡಿದಳು ನೋಡಿ, ಇಡೀ ಬಯಲಿಗೆ ಕೇಳುವ ಹಾಗೆ ಊಳಿಡುತ್ತಾ ಓಡಿದಳು. ಬಂದೂಕಿನವರು ಇನ್ನೂ ಬೇಲಿಯ ಹತ್ತಿರ. ಆ ಕಡೆ ಹಕ್ಕಿಗಳು ಒಂದೂ ಉಳಿಯದೆ ಎದ್ದು ಹೋದವು. ರಾತ್ರಿ ಕೂಗಬೇಕಾದವನಿಗೆ ಅಮ್ಮನ ಮೌನ, ಹಗಲು ಸುಮ್ಮನಿರಬೇಕಾದವಳಿಗೆ ಅಪ್ಪನ ಗಂಟಲು. ಅಜ್ಜ ನಕ್ಕಿದ್ದೇ ನಕ್ಕಿದ್ದು. ಮೊಮ್ಮಗ ನಗಲಿಲ್ಲ.

ಇಷ್ಟಾದರೂ ಕ್ರಾಸ್ ಮಾಡುವುದೇ ತಪ್ಪು, ತಳಿಯ ಶುದ್ಧತೆ ಕೆಡುತ್ತದೆ ಅನ್ನುವವರ ಗುಂಪಿಗೆ ನಾನು ಸೇರುವವನಲ್ಲ. ಅವರ ಮಾತು ಕೇಳಿದರೆ ನಗು ಬರುತ್ತದೆ. ಇವತ್ತಿನ ಟ್ರೀಯಿಂಗ್ ವಾಕರ್‌ನ ಮೂಲಪುರುಷ ಯಾರು ಗೊತ್ತಾ? ಟೆನೆಸೀ ಲೀಡ್ ಅನ್ನುವ ನಾಯಿ. ಹತ್ತೊಂಬತ್ತನೇ ಶತಮಾನದಲ್ಲಿ ಟೆನೆಸೀಯಿಂದ ಕದ್ದು ತಂದದ್ದು. ಅದರ ಅಪ್ಪ ಅಮ್ಮ ಯಾರು ಅಂತ ಯಾರಿಗೂ ಗೊತ್ತಿಲ್ಲ. ನೋಡಲಿಕ್ಕೆ ಆಗಿನ ನರಿ ಬೇಟೆಯ ನಾಯಿಗಳ ಹಾಗೂ ಇರಲಿಲ್ಲ. ಆದರೆ ಬೇಟೆಯ ಬುದ್ಧಿ, ವೇಗ ಭರ್ಜರಿ. ಅದನ್ನು ಕೆಂಟಕಿಯವರು ತಮ್ಮ ನಾಯಿಗಳಿಗೆ ಸೇರಿಸಿಕೊಂಡರು. ಕಳ್ಳಮಾಲು ಮುತ್ತಜ್ಜನಾಗಿರುವ ವಂಶದವರು ಶುದ್ಧತೆ ಅಂತ ಜಾಸ್ತಿ ಮಾತಾಡಬಾರದು, ಅಲ್ವಾ? ಈ ವಾಕರ್‌ಗಳನ್ನು ಅಮೆರಿಕದ ಯುನೈಟೆಡ್ ಕೆನಲ್ ಕ್ಲಬ್ ಪ್ರತ್ಯೇಕ ತಳಿ ಅಂತ ಒಪ್ಪಿದ್ದೇ 1945ರಲ್ಲಿ. ಅಲ್ಲಿಯವರೆಗೆ ಬೇರೆ ಕೂನ್‌ಹೌಂಡುಗಳ ಜೊತೆ ಒಂದೇ ಹೆಸರಿನಲ್ಲಿ ಬರೆದುಕೊಳ್ಳುತ್ತಿದ್ದರು.

ಮೊಮ್ಮಗ ವಾದಕ್ಕೆ ಇಳಿದ. "ಜರ್ಮನ್ನರು ಮಾಡಲಿಲ್ವಾ?" ಮಾಡಿದ್ದಾರೆ, ಒಪ್ಪಿದೆ. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಹಕ್ಕಿಯ ಮುಂದೆ ನಿಲ್ಲುತ್ತದೆ, ಗಾಯಗೊಂಡ ಜಿಂಕೆಯ ರಕ್ತದ ಜಾಡನ್ನೂ ಹಿಡಿಯುತ್ತದೆ. ಅದರ ರಕ್ತದಲ್ಲಿ ಹಳೆಯ ಹಕ್ಕಿ ನಾಯಿಯೂ ಇದೆ, ಜಾಡಿನ ನಾಯಿಯೂ ಇದೆ, ಆಮೇಲೆ ಸೇರಿಸಿದ ಇಂಗ್ಲಿಷ್ ಪಾಯಿಂಟರೂ ಇದೆ. ಆದರೆ ಅದು ಒಂದು ಸೂಲಿನಲ್ಲಿ ಹುಟ್ಟಿದ ಪವಾಡ ಅಲ್ಲ. 1870ರ ದಶಕದಿಂದ ವಂಶಾವಳಿ ಪುಸ್ತಕ ಇಟ್ಟು, ಮರಿಗಳನ್ನು ಕಾಡಿನಲ್ಲಿ, ನೀರಿನಲ್ಲಿ, ಬಯಲಿನಲ್ಲಿ ಪರೀಕ್ಷೆಗೆ ಇಳಿಸಿ, ಪಾಸಾದವನ್ನು ಮಾತ್ರ ಮುಂದಿನ ತಲೆಮಾರಿಗೆ ಇಟ್ಟುಕೊಂಡರು. ಹಾಗೆ ತಲೆಮಾರುಗಟ್ಟಲೆ. ಇನ್ನೊಂದು, ಆ ನಾಯಿ ರಾತ್ರಿಯೆಲ್ಲಾ ಕೂಗುತ್ತಾ ಮೈಲಿಗಟ್ಟಲೆ ಓಡಬೇಕು ಅಂತ ಅವರು ಆಸೆ ಪಡಲಿಲ್ಲ. ಬೇಟೆಗಾರ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಕೆಲಸ ಮಾಡಿದರೆ ಸಾಕು ಅಂದುಕೊಂಡರು. ನಿನ್ನ ಹತ್ತಿರ ಏನಿದೆ ಅಂತ ಕೇಳಿದೆ. ಒಂದು ಪಿಕಪ್ಪು, ಎಂಟು ಮರಿ.

ಇದನ್ನೆಲ್ಲ ನಾನು ಕಲಿತದ್ದು ನಾಯಿಯಿಂದ ಅಲ್ಲ, ಹತ್ತಿಯಿಂದ. ನಮ್ಮೂರು ರಾಣೆಬೆನ್ನೂರಿನ ಕಡೆ. ಅವ್ವ ಹತ್ತಿ ಬೀಜದ ಹೊಲಕ್ಕೆ "ಕ್ರಾಸಿಂಗ್" ಕೆಲಸಕ್ಕೆ ಹೋಗುತ್ತಿದ್ದಳು. ಹಿಂದಿನ ದಿನ ಸಂಜೆ ನಾಳೆ ಅರಳುವ ಮೊಗ್ಗನ್ನು ಉಗುರಿನಲ್ಲಿ ಸುಲಿದು ಗಂಡು ಭಾಗ ತೆಗೆಯಬೇಕು. ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದಕ್ಕೆ ಮುಟ್ಟಿಸಬೇಕು. ಒಂದು ಹೂವು ತಪ್ಪಿದರೂ ಮೇಸ್ತ್ರಿ ಬೈಗುಳ. ನಾನು ಚಿಕ್ಕವನಿದ್ದಾಗ ಕೇಳಿದ್ದೆ, ಹೋದ ವರ್ಷದ ಕಾಯಿಯಿಂದಲೇ ಬೀಜ ತೆಗೆದು ಬಿತ್ತಬಾರದಾ, ಪ್ರತಿ ವರ್ಷ ಈ ರಗಳೆ ಯಾಕೆ ಅಂತ. "ಹಂಗ ಬಿತ್ತಿದ್ರ ಒಂದು ಗಿಡ ಅವ್ವನ್ನ ಹೋಲತೈತಿ, ಒಂದು ಅಪ್ಪನ್ನ ಹೋಲತೈತಿ, ಒಂದು ಯಾರನ್ನೂ ಹೋಲಂಗಿಲ್ಲ" ಅಂದಿದ್ದಳು. ಧಾರವಾಡದಲ್ಲಿ ಹತ್ತಿ ತಳಿವಿಜ್ಞಾನಿ ಕಟರ್ಕಿಯವರು 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಕೊಟ್ಟಾಗಿನಿಂದ ನಮ್ಮ ಕಡೆ ರೈತರಿಗೆ ಇದು ಬಾಯಿಪಾಠ. ಹೈಬ್ರಿಡ್ ಬೆಳೆ ಮೊದಲ ತಲೆಮಾರಿನಲ್ಲಿ ಒಂದೇ ಸಮ ಬರುತ್ತದೆ, ಎರಡನೆಯದರಲ್ಲಿ ಚೆಲ್ಲಾಪಿಲ್ಲಿ.

ನಾಯಿಯಲ್ಲಿ ಮೊದಲ ತಲೆಮಾರೇ ಚೆಲ್ಲಾಪಿಲ್ಲಿ. ಯಾಕೆಂದರೆ ತಾಯಿ ತಂದೆಯೇ ಹತ್ತಿಯ ತಳಿಯಷ್ಟು ಏಕರೂಪ ಇರುವುದಿಲ್ಲ. ಮೇಲಾಗಿ ಜಾಡು ಹಿಡಿಯುವುದು, ನಿಲ್ಲುವುದು, ಕೂಗುವುದು ಯಾವುದೂ ಒಂದೇ ಜೀನಿನ ಆಟ ಅಲ್ಲ. ಹೌದು, ಎರಡು ದೂರದ ರಕ್ತ ಸೇರಿದರೆ ಮರಿ ಗಟ್ಟಿಮುಟ್ಟಾಗಿ ಹುಟ್ಟಬಹುದು. ಹುರುಪು ಬರುತ್ತದೆ. ಕಸುಬು ಅಷ್ಟು ಸುಲಭಕ್ಕೆ ಬರುವುದಿಲ್ಲ. ಬರೀ ಓಟ ಸಾಕು ಅನ್ನುವ ಕಡೆ ಈ ಹುರುಪು ಕೆಲಸಕ್ಕೆ ಬಂದಿದೆ. ಸ್ಕ್ಯಾಂಡಿನೇವಿಯಾದಲ್ಲಿ ಅಲಾಸ್ಕನ್ ಹಸ್ಕಿಗೆ ಪಾಯಿಂಟರ್ ಸೇರಿಸಿ ಸ್ಲೆಡ್ ಪಂದ್ಯದ ನಾಯಿ ಮಾಡಿದ್ದಾರೆ, ಗಾಳಿಯಂತೆ ಓಡುತ್ತವೆ. ಅಲ್ಲಿ ಯಾರೂ ನಿಲ್ಲು ಅನ್ನುವುದಿಲ್ಲ, ಕೂಗು ಅನ್ನುವುದಿಲ್ಲ. ಎಳಿ ಅಷ್ಟೇ.

ನನಗೆ ತುಂಬಾ ಇಷ್ಟವಾದ ಕ್ರಾಸ್ ಒಂದಿದೆ. ಡಾಲ್ಮೇಷಿಯನ್ ನಾಯಿಗಳಿಗೆ ವಂಶದಲ್ಲೇ ಯೂರಿಕ್ ಆಮ್ಲದ ತೊಂದರೆ, ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. 1973ರಲ್ಲಿ ರಾಬರ್ಟ್ ಶೈಬಲ್ ಅನ್ನುವ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರನ್ನು ಅದಕ್ಕೆ ಕೂಡಿಸಿದರು. ಆಮೇಲೆ ಪ್ರತಿ ತಲೆಮಾರಿನಲ್ಲೂ ಸರಿಯಾದ ಜೀನ್ ಇರುವ ಮರಿಯನ್ನು ಆರಿಸಿ ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸುತ್ತಾ ಹೋದರು. ಚುಕ್ಕೆಯೂ ಉಳಿಯಿತು, ಕಲ್ಲೂ ಹೋಯಿತು. ತಳಿಯ ಯಜಮಾನರು ಜಗಳ ಆಡಿದರು, ಅಮೆರಿಕನ್ ಕೆನಲ್ ಕ್ಲಬ್ ಒಪ್ಪಿದ್ದು 2011ರಲ್ಲಿ. ಯಾವ ದೋಷ ತೆಗೆಯಬೇಕು ಅಂತ ಆ ಮನುಷ್ಯನಿಗೆ ಮೊದಲೇ ಗೊತ್ತಿತ್ತು. ಅದೂ ಒಂದೇ ಜೀನಿನ ದೋಷ. ನಮ್ಮ ಮೊಮ್ಮಗನನ್ನು ಕೇಳಿದೆ, ನಿನ್ನ ವಾಕರ್‌ನಲ್ಲಿ ಏನು ಕೊರತೆ ಇತ್ತು? ಸ್ವಲ್ಪ ಯೋಚಿಸಿ "ಏನೂ ಇಲ್ಲ, ಒಳ್ಳೆ ನಾಯಿ" ಅಂದ. ಹಾಗಾದರೆ ರಿಪೇರಿ ಯಾಕೆ ಮಾರಾಯ? ಇನ್ನೂ ವೇಗ ಬೇಕಿದ್ದರೆ ವೇಗದ ವಾಕರ್ ಒಂದನ್ನು ಹುಡುಕಿ ಅದಕ್ಕೇ ಹಾಕಬಹುದಿತ್ತಲ್ಲ.

ಅಜ್ಜನ ಮನೆಯಲ್ಲಿರುವುದು ಪ್ಲಾಟ್ ಹೌಂಡ್, ಮೈಯೆಲ್ಲ ಹುಲಿಪಟ್ಟೆ. 1989ರಿಂದ ಈ ರಾಜ್ಯದ ಅಧಿಕೃತ ನಾಯಿ ಅದು. ಅವರು ಯಾರ ಜೊತೆಯೂ ವಾದ ಮಾಡುವುದಿಲ್ಲ. ತಮ್ಮ ಹೆಣ್ಣುನಾಯಿ ಮರಿ ಹಾಕುವ ಮೊದಲೇ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಮರಿ ಬೇಕಾದವರ ಹೆಸರು ಬರೆದಿಟ್ಟುಕೊಳ್ಳುತ್ತಾರೆ. ಹೆಸರು ಸಾಲದಿದ್ದರೆ ಆ ವರ್ಷ ಕೂಡಿಸುವುದೇ ಇಲ್ಲ. ಆ ನೋಟ್‌ಬುಕ್ ನೋಡಿದ ದಿನ ನನಗೆ ಮೂಗು, ಕೂಗು, ಜೀನು ಎಲ್ಲದಕ್ಕಿಂತ ದೊಡ್ಡ ಪ್ರಶ್ನೆ ಇದೇ ಅನ್ನಿಸಿತು. ಪ್ರಯೋಗ ಮಾಡುವವನಿಗೆ ಬೇಕಿರುವುದು ಎಂಟರಲ್ಲಿ ಒಂದು. ಉಳಿದ ಏಳು? ಬೇಟೆಗೆ ಬಾರದ, ಬೀದಿಬೀದಿ ಓಡದಿದ್ದರೆ ಹುಚ್ಚು ಹಿಡಿಯುವಷ್ಟು ಕಸುವಿರುವ, ಕಾಗದಪತ್ರ ಇಲ್ಲದ ನಾಯಿಯನ್ನು ಯಾರು ಸಾಕುತ್ತಾರೆ? ಇಲ್ಲಿನ ಪ್ರಾಣಿ ಆಶ್ರಯಗಳಿಗೆ ಒಮ್ಮೆ ಹೋಗಿ ಬನ್ನಿ. ಉದ್ದ ಕಿವಿಯ ಹೌಂಡುಗಳು ಜಾಲರಿಗೆ ಮೂತಿ ಒತ್ತಿಕೊಂಡು ನಿಂತಿರುತ್ತವೆ.

ಮೊನ್ನೆ ಭಾನುವಾರ ಮೊಮ್ಮಗ ಮತ್ತೆ ಸಿಕ್ಕಿದ. ಮುಖದಲ್ಲಿ ಹೊಸ ಕಳೆ. ಈ ಸಲ ಪಾಯಿಂಟರನ್ನು ಬ್ಲೂಟಿಕ್ ಅನ್ನುವ ಇನ್ನೊಂದು ಜಾತಿಯ ಕೂನ್‌ಹೌಂಡ್‌ಗೆ ಹಾಕಿದರೆ ಹೇಗೆ, ಅದರ ಗಂಟಲು ಜೋರು, ಮೌನದ ಸಮಸ್ಯೆ ಇರಲ್ಲ ಅಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೋದ ಸಲದ ಎಂಟು ಮರಿ ಈಗ ಎಲ್ಲೆಲ್ಲಿವೆ ಅಂತ ಕೇಳಿದೆ. ಬೆರಳು ಮಡಚಿ ಎಣಿಸಲು ಶುರು ಮಾಡಿದ. ಐದರ ಹತ್ತಿರ ನಿಂತ.