ಪಡಸಾಲೆಯ ಶೆಲ್ಲು

ಸೊಲ್ಲಾಪುರದ ಹಳೆಯ ವಾಡೆಗಳ ಪಡಸಾಲೆಯಲ್ಲಿ ಕತ್ತಿ, ಗುರಾಣಿ ತೂಗುಹಾಕುವುದು ಹೊಸದಲ್ಲ. ನಾನು ಕಂಡ ಕೆಲವು ಮನೆಗಳಲ್ಲಿ ಈಗ ಅವುಗಳ ಪಕ್ಕದಲ್ಲಿ ಸೇನೆಯ ಹಳೆಯ ತೋಪಿನ ಗುಂಡೂ ಬಂದು ಕುಳಿತಿದೆ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೋಶವಾದರೆ ಅದರಲ್ಲಿ ಪ್ಲಾಸ್ಟಿಕ್ ಹೂವು. ಕಬ್ಬಿಣದ ಶೆಲ್ಲಾದರೆ, ಅಂದರೆ ಹಾರಿ ಹೋಗಿ ಸಿಡಿಯುವ ಗುಂಡೇ ಆದರೆ, ಬೆಳ್ಳಿ ಬಣ್ಣ ಬಳಿಸಿಕೊಂಡು ಟಿವಿ ಪಕ್ಕದಲ್ಲಿ ಜಾಗ.

ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ನಮ್ಮಲ್ಲಿ ಆಯುಧವನ್ನು ಮಹಾನವಮಿಗೆ ಇಳಿಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಹಬ್ಬ ಮುಗಿದ ಮೇಲೆ ಮತ್ತೆ ಅಟ್ಟಕ್ಕೆ ಸೇರಿಸುತ್ತಾರೆ. ಇಲ್ಲಿ ಸೊಲ್ಲಾಪುರದವರೂ ಆಯುಧಪೂಜೆಯ ಖಂಡೇನವಮಿ ಬಿಡುವುದಿಲ್ಲ. ಆದರೆ ವರ್ಷವಿಡೀ ಅದು ಕಣ್ಣೆದುರಿಗೆ ಇರಬೇಕು, ಮನೆಗೆ ಬಂದವರಿಗೆಲ್ಲ ಅಜ್ಜನ ಕಥೆ ಹೇಳಲೇಬೇಕು. ಇದು ನನಗೆ ಹಿಡಿಸಿದ ರೀತಿ. ಕೈಮುಗಿದು ಮರೆತುಬಿಡುವ ನಮ್ಮ ಚಾಳಿಗಿಂತ ಮೇಲು. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, 1632ರಲ್ಲಿ ಪರಾಂಡಾ ಕೋಟೆಯಿಂದ ಎಳೆತಂದದ್ದು, ತೂಕ ಸುಮಾರು 55 ಟನ್. 1854ರಲ್ಲಿ ಅದನ್ನು ಹರಾಜಿಗಿಟ್ಟಾಗ ಕೂಗಿದ ಬೆಲೆ 150 ರೂಪಾಯಿ! ಮಾರಾಟ ರದ್ದಾಯಿತು, ತೋಪು ಬದುಕಿತು. ಹರಾಜು ಹಾಕಿದ್ದು ನಮ್ಮವರಲ್ಲ, ಕಂಪನಿ ಸರಕಾರ, ಒಪ್ಪುತ್ತೇನೆ; ಆದರೂ ಮರೆತ ವಸ್ತುವಿನ ಗತಿ ಇದೇ.

ಇಷ್ಟು ಹೊಗಳಿಯೂ ಒಂದು ತಕರಾರು ನನಗಿದೆ. ತೋಪು ಬೇರೆ, ತೋಪಿನ ಗುಂಡು ಬೇರೆ. ಮದ್ದು ತುಂಬದ ತೋಪು ಬರೀ ಲೋಹ. ಮಕ್ಕಳು ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳಬಹುದು. ಶೆಲ್ಲು ತನ್ನ ಮದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬರುತ್ತದೆ. ಹಾರಿ ಹೋಗಿ ಬಿದ್ದು ಸಿಡಿಯದೆ ಉಳಿದದ್ದಂತೂ ಇನ್ನೂ ಕೆಟ್ಟದ್ದು.

ನಮ್ಮ ಓಣಿಯ ಹಿರಿಯರೊಬ್ಬರಲ್ಲಿ ಒಂದು ಶೆಲ್ಲಿದೆ, ಗುಜರಿಯಿಂದ ತಂದದ್ದು. "ಕಾಕಾ, ಒಳಗೆ ಏನಿದೆ ಅಂತ ಯಾರಿಗಾದರೂ ತೋರಿಸಿದ್ದೀರಾ?" ಎಂದೆ. "ಇಷ್ಟು ವರ್ಷ ಏನೂ ಆಗಿಲ್ಲ, ಇನ್ನೇನು ಆಗುತ್ತದೆ?" ಎಂದರು. ಎಲ್ಲರ ಉತ್ತರವೂ ಇದೇ. ಆದರೆ ಸ್ಫೋಟಕ ವಯಸ್ಸಾದಂತೆ ಸಾಧುವಾಗುತ್ತದೆ ಎಂದು ನಂಬುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮೊದಲ ಮಹಾಯುದ್ಧದವರೆಗೆ ಅನೇಕ ಶೆಲ್ಲುಗಳಲ್ಲಿ ತುಂಬುತ್ತಿದ್ದ ಪಿಕ್ರಿಕ್ ಆಮ್ಲ ಲೋಹದೊಡನೆ ಸೇರಿ ಲವಣಗಳನ್ನು ಕಟ್ಟುತ್ತದೆ. ಅವು ಮೂಲ ಮದ್ದಿಗಿಂತ ಬೇಗ ಕೆರಳುತ್ತವೆ. ಉಜ್ಜಿದರೂ, ಕುಟ್ಟಿದರೂ ಸಾಕು. ಬ್ರಿಟನ್ನಿನ ವೇಲ್ಸ್‌ನಲ್ಲಿ, ಮಿಲ್ಫರ್ಡ್ ಹೇವನ್ ಎಂಬ ಊರಿನ ಮನೆಯೊಂದರ ಅಂಗಳದಲ್ಲಿ ಅಲಂಕಾರಕ್ಕಿಟ್ಟಿದ್ದ ಹಳೆಯ ನೌಕಾ ಗುಂಡು ಇನ್ನೂ ಜೀವಂತವಾಗಿದೆ ಎಂದು ಗೊತ್ತಾದದ್ದು 2023ರಲ್ಲಿ. ಆ ಮನೆಯವರು ಕರಣೆಗೆ ಅಂಟಿದ ಮಣ್ಣನ್ನು ಅದಕ್ಕೇ ಬಡಿದು ಉದುರಿಸುತ್ತಿದ್ದರಂತೆ!

ಗುಜರಿಯಿಂದ ಬಂದದ್ದು ಎಂಬ ಸಮಾಧಾನವೂ ಟೊಳ್ಳು. 2004ರಲ್ಲಿ ಗಾಜಿಯಾಬಾದ್ ಬಳಿಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಹತ್ತು ಮಂದಿ ಸತ್ತದ್ದು ವಿದೇಶದ ಗುಜರಿಯೊಳಗೆ ಬಂದಿದ್ದ ಶೆಲ್ಲು ಸಿಡಿದು. ತೂಕದ ಲೆಕ್ಕದಲ್ಲಿ ಕೊಳ್ಳುವ ವ್ಯಾಪಾರಿ ಯಾವುದರ ಹೊಟ್ಟೆ ಬರಿದಾಗಿದೆ ಎಂದು ನೋಡುತ್ತಾ ಕೂರುವುದಿಲ್ಲ.

ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಾಂಬು, ಗ್ರೆನೇಡು, ಶೆಲ್ಲು ಎಲ್ಲವೂ ಮದ್ದುಗುಂಡುಗಳೇ, ಅವುಗಳ ಬಿಡಿಭಾಗಗಳೂ ಸೇರಿ. ಷೋಕೇಸಿನಲ್ಲಿದೆ ಎಂದು ಪೊಲೀಸರು ಮೆಚ್ಚಿಕೊಳ್ಳುತ್ತಾರೆಂದು ನಿರೀಕ್ಷಿಸಬೇಡಿ.

ಹಾಗಾಗಿ ನನ್ನ ಮಾತು ಇಷ್ಟೇ: ಕತ್ತಿ ಇರಲಿ, ಗುರಾಣಿ ಇರಲಿ. ಹಾರಿಸಿ ಉಳಿದ ಹಿತ್ತಾಳೆ ಕೋಶವನ್ನು ಬಲ್ಲವರು ನೋಡಿ ಖಾಲಿ ಎಂದಿದ್ದರೆ, ಕಾನೂನಿನ ತೊಡಕೂ ಇಲ್ಲದಿದ್ದರೆ ಹೂವಿಟ್ಟುಕೊಳ್ಳಿ. ಯಾರ ಖಾತ್ರಿಯೂ ಇಲ್ಲದ ಶೆಲ್ಲಿಗೆ ಮಾತ್ರ ಬಣ್ಣ ಬಳಿಯುವುದು, ಕಿಲುಬು ಉಜ್ಜುವುದು ಬೇಡ. ಚೀಲಕ್ಕೆ ಹಾಕಿಕೊಂಡು ಠಾಣೆಗೆ ಒಯ್ಯುವುದಂತೂ ಬೇಡವೇ ಬೇಡ. ಇದ್ದಲ್ಲೇ ಬಿಟ್ಟು, ಮನೆಮಂದಿಯನ್ನು ಹೊರಗೆ ಕಳಿಸಿ, 112ಕ್ಕೆ ಕರೆ ಮಾಡಿ; ಬರಬೇಕಾದವರು ಅವರೇ ಬರಲಿ.