ಹೊಸ ಕ್ಲಚ್ಚಿನ ಸದ್ದು: ಹುಬ್ಬಳ್ಳಿಯ ಕಿವಿ, ಟೆಕ್ಸಾಸ್‌ನ ಗೇಜು

ಲಾರಿಗೆ ಹೊಸ ಕ್ಲಚ್ ಹಾಕಿದ ಮಾರನೆಯ ದಿನವೇ ಸದ್ದು ಶುರುವಾದರೆ ಹುಬ್ಬಳ್ಳಿ ಕಡೆಯ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ‘ಗೇರ್ ಬಾಕ್ಸ್ ಇಳಿಸೋಣ’. ಇಲ್ಲಿ ಟೆಕ್ಸಾಸ್‌ನಲ್ಲಿ ಅದು ಕೊನೆಯ ಮಾತು. ಇಲ್ಲಿನವರಿಗೆ ಬುದ್ಧಿ ಹೆಚ್ಚು ಅಂತಲ್ಲ, ಗಂಟೆಗೆ 100 ಡಾಲರ್ ದಾಟುವ ಕೂಲಿ ಕೊಟ್ಟು ಎರಡನೇ ಸಲ ಇಳಿಸುವುದು ಯಾರಿಗೂ ಬೇಡ. ನಮ್ಮಲ್ಲಿ ಕೂಲಿ ಅಗ್ಗ, ಸಾಮಾನು ದುಬಾರಿ. ಹಾಗಾಗಿ ಇಳಿಸಲು ಹಿಂಜರಿಕೆಯಿಲ್ಲ, ಗೇರ್ ಬಾಕ್ಸ್ ಶಾಫ್ಟಿನ ಮುಂತುದಿಯನ್ನು ಇಂಜಿನ್ ಕಡೆ ಹಿಡಿದಿಡುವ ಹಳೇ ಪೈಲಟ್ ಬೇರಿಂಗ್ ಬದಲಿಸಲು ಮಾತ್ರ ಮನಸ್ಸು ಬರುವುದಿಲ್ಲ. ಆದರೆ ಗೇರ್ ಬಾಕ್ಸ್ ಕೆಳಗೆ ಬಂದ ಮೇಲೆ ಸದ್ದು ಎಲ್ಲಿದೆ? ಸಾಕ್ಷಿ ಹೇಳಬೇಕಾದದ್ದೇ ಬಾಯಿ ಮುಚ್ಚಿಕೊಂಡಿರುತ್ತದೆ.

ಇಳಿಸುವ ಮುಂಚೆ ಪೆಡಲ್ಲನ್ನೇ ಕೇಳಬೇಕು. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ಇಂಜಿನ್ ಐಡಲಿಂಗಿನಲ್ಲಿ ಬಿಡಿ. ನ್ಯೂಟ್ರಲ್‌ನಲ್ಲಿ, ಕಾಲು ಪೆಡಲ್ ಮೇಲಿಲ್ಲದಾಗ ಗರ್ರೆನ್ನುತ್ತಿದ್ದು, ಒತ್ತಿದಾಗ ನಿಂತರೆ, ಕ್ಲಚ್ಚಿನಿಂದ ಗೇರ್ ಬಾಕ್ಸಿಗೆ ಹೋಗುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಕಡೆ ನೋಡಬೇಕು. ಪೆಡಲ್ ಸ್ವಲ್ಪವೇ ಒತ್ತಿ ಫ್ರೀ ಪ್ಲೇ (ಕಾಲಿಗೆ ಬಿಗಿ ಸಿಗುವ ಮುಂಚಿನ ಸಡಿಲ) ಮುಗಿದ ಕ್ಷಣಕ್ಕೆ ಚೀರಾಟ ಶುರುವಾದರೆ ಅದು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಪೈಲಟ್ ಬೇರಿಂಗಿನದ್ದು ಮಾತ್ರ ಮೋಸದ ಸದ್ದು. ಪೆಡಲ್ ಬಿಟ್ಟು ಕ್ಲಚ್ ಹಿಡಿದಿರುವಾಗ ಫ್ಲೈವೀಲ್ (ಇಂಜಿನ್ ಸುತ್ತಿಸುವ ಭಾರದ ಚಕ್ರ), ಶಾಫ್ಟ್ ಎರಡೂ ಒಂದೇ ವೇಗದಲ್ಲಿ ಸುತ್ತುವುದರಿಂದ ಆ ಬೇರಿಂಗಿಗೆ ಕೆಲಸವೇ ಇಲ್ಲ. ಪೆಡಲ್ ಪೂರ್ತಿ ಒತ್ತಿ, ಗೇರ್ ಹಾಕಿ, ಗಾಡಿ ನಿಂತೇ ಇದ್ದಾಗ ಶಾಫ್ಟ್ ನಿಲ್ಲುತ್ತದೆ, ಫ್ಲೈವೀಲ್ ಸುತ್ತುತ್ತಲೇ ಇರುತ್ತದೆ. ಆಗ ಬರುವ ಕೀಚಲು ಅದರದ್ದು. ಇಂಜಿನ್ ಆಫ್ ಮಾಡಿದ್ದರೂ ಪೆಡಲ್ ಒತ್ತಿದರೆ ಕಿರಗುಟ್ಟುತ್ತಿದ್ದರೆ ರಿಲೀಸ್ ಬೇರಿಂಗನ್ನು ಸರಿಸುವ ಫೋರ್ಕಿನ ಶಾಫ್ಟಿನ ಬುಷ್ ಒಣಗಿದೆ ಅಷ್ಟೆ, ಗ್ರೀಸ್ ಸಾಕು.

ಈಗಿನ, ಗಾಳಿಯ ಒತ್ತಡದಿಂದ ಕ್ಲಚ್ ಒತ್ತಲು ನೆರವಾಗುವ ಏರ್ ಬೂಸ್ಟರ್ ಇರುವ ನಮ್ಮ ಗಾಡಿಗಳಲ್ಲಿ ಈ ಪರೀಕ್ಷೆ ಇಷ್ಟು ಸ್ಪಷ್ಟವಾಗಿ ಉತ್ತರ ಕೊಡದಿರಬಹುದು. ಹಲವುದರಲ್ಲಿ ರಿಲೀಸ್ ಬೇರಿಂಗ್ ಯಾವಾಗಲೂ ಕ್ಲಚ್ಚಿನ ಫಿಂಗರಿಗೆ ತಾಗಿಕೊಂಡೇ ಸುತ್ತುತ್ತಿರುತ್ತದೆ. ಸದ್ದು ಹುಟ್ಟಿತೇ ಎಂದಲ್ಲ, ಒತ್ತಿದಾಗ ದನಿ ಬದಲಾಯಿತೇ ಎಂದು ಕೇಳಬೇಕು.

ಊರಿನ ಮೇಸ್ತ್ರಿಗಳು ಅಮೆರಿಕದ ವಿಡಿಯೋ ನೋಡಿ ಅಳತೆ ಹಿಡಿಯುವುದು ನನಗೆ ಭಯ ತರುವ ವಿಷಯ. ಇಲ್ಲಿನ ದೊಡ್ಡ ಲಾರಿಗಳ ಹದಿನೈದೂವರೆ ಇಂಚಿನ ಕ್ಲಚ್ ಎಳೆಯುವ ಜಾತಿಯದು, ಅಂದರೆ ಬೇರಿಂಗನ್ನು ಗೇರ್ ಬಾಕ್ಸ್ ಕಡೆಗೆ ಎಳೆದು ಬಿಡಿಸುವಂಥದ್ದು, ರಿಲೀಸ್ ಬೇರಿಂಗ್ ಕವರ್ ಜೊತೆಗೇ ಬರುತ್ತದೆ. ಬೇರಿಂಗಿಗೂ ಹಿಂದಿನ ಕ್ಲಚ್ ಬ್ರೇಕಿಗೂ (ಗೇರ್ ಹಾಕುವ ಮುಂಚೆ ಶಾಫ್ಟ್ ನಿಲ್ಲಿಸುವ ಬಿಲ್ಲೆ) ನಡುವೆ ಸುಮಾರು ಅರ್ಧ ಇಂಚು, ಫೋರ್ಕಿನ ತುದಿಗೂ ಬೇರಿಂಗಿಗೂ ನಡುವೆ 1/8 ಇಂಚು ಸಂದು ಇರಬೇಕು. ನಮ್ಮ ಲಾರಿಗಳಲ್ಲಿ ಬಹುಪಾಲು ಒತ್ತುವ ಜಾತಿಯವು, ಕ್ಲಚ್ ಬ್ರೇಕ್ ಎಂಬುದೇ ಇರುವುದಿಲ್ಲ. ಆ ಅಳತೆ ಅಲ್ಲಿಗೆ ತಂದರೆ ಕೆಟ್ಟಿತು. ಗ್ರೀಸಿನದೂ ಅದೇ ಕತೆ. ಇಲ್ಲಿನ ಬೇರಿಂಗಿಗೆ ಶಾಫ್ಟಿನ ಮೇಲೆ ಹೊರಬರುವಷ್ಟು ಗ್ರೀಸ್ ತುಂಬಬೇಕು, ಒಣ ಬೇರಿಂಗ್ ಮೊದಲ ದಿನವೇ ಚೀರುತ್ತದೆ. ಅಲ್ಲಿನ ಸೀಲ್ಡ್ (ಗ್ರೀಸ್ ಒಳಗೇ ಮುಚ್ಚಿಟ್ಟ) ಬೇರಿಂಗಿನ ಸುತ್ತ ಧಾರಾಳವಾಗಿ ಮೆತ್ತಿದರೆ ಅದು ಎರಚಿ ಕ್ಲಚ್ ಪ್ಲೇಟಿಗೆ ಬೀಳುತ್ತದೆ, ಗಾಡಿ ಹೊರಡಿಸುವಾಗ ಅದುರುತ್ತದೆ.

ತಿರುಗಿಸಿ ನೋಡಿದರೂ ಹಾಗೆಯೇ. ನಮ್ಮೂರಲ್ಲಿ ಕಲಿತ ಕಾಲಿಗೆ ಪೆಡಲನ್ನು ಕೊನೆತನಕ ಒತ್ತುವ ಅಭ್ಯಾಸ. ಇಲ್ಲಿನ, ಗೇರುಗಳ ವೇಗ ಹೊಂದಿಸುವ ಸಿಂಕ್ರೋ ಇಲ್ಲದ ಹತ್ತು ಗೇರಿನ ಪೆಟ್ಟಿಗೆಯಲ್ಲಿ ಕೊನೆಯ ಇಂಚು ಕ್ಲಚ್ ಬ್ರೇಕಿನದು, ನಿಂತ ಗಾಡಿಗೆ ಮಾತ್ರ. ಓಡುವಾಗ ಅಲ್ಲಿತನಕ ಒತ್ತುತ್ತಾ ಹೋದರೆ ಆ ಬ್ರೇಕ್ ಬಿಲ್ಲೆಯನ್ನು ಶಾಫ್ಟಿಗೆ ಹಿಡಿದಿಡುವ ಕಿವಿಗಳು ಮುರಿದು ಒಳಗೆ ಲೋಹ ಗುದ್ದುವ ಸದ್ದು. ತಪ್ಪು ಬೀಳುವುದು ಹೊಸ ಕ್ಲಚ್ಚಿನ ಮೇಲೆ.

ಜೋಡಿಸುವಾಗಿನ ತಪ್ಪುಗಳಿಗೆ ದೇಶವಿಲ್ಲ. ಬೋಲ್ಟ್ ಹಾಕಿ ಬಿಗಿಯುವ ಮುಂಚೆ ಗೇರ್ ಬಾಕ್ಸಿನ ಭಾರವನ್ನು ಶಾಫ್ಟಿನ ಮೇಲೆ ನೇತುಬಿಟ್ಟರೆ ಪ್ಲೇಟಿನ ಹಬ್ ಸೊಟ್ಟಗಾಗುತ್ತದೆ. ಪ್ಲೇಟ್ ಹಿಂದುಮುಂದಾದರೆ ಸ್ಪ್ರಿಂಗ್ ಫ್ಲೈವೀಲ್ ಬೋಲ್ಟಿಗೆ ಉಜ್ಜುತ್ತದೆ. ಆದರೆ ಫ್ಲೈವೀಲ್ ಹೌಸಿಂಗಿನ ಮುಖಕ್ಕೆ ಡಯಲ್ ಗೇಜ್ (ಮುಳ್ಳಿನ ಅಳತೆ ಉಪಕರಣ) ಹಿಡಿದು ಓಲಾಟ 0.2 ಮಿ.ಮೀ. ಒಳಗಿದೆಯೇ ಎಂದು ನೋಡುವ ಶಿಸ್ತನ್ನು ನಮ್ಮವರು ಇಲ್ಲಿಂದ ಕಲಿಯಬೇಕು. ಅದು ತಪ್ಪಿದ್ದರೆ ಶಾಫ್ಟ್ ಓರೆಯಾಗಿ ಕೂತು, ಎಷ್ಟು ಪೈಲಟ್ ಬೇರಿಂಗ್ ಹಾಕಿದರೂ ತಿನ್ನುತ್ತದೆ.

ಉದ್ದ ಸ್ಕ್ರೂಡ್ರೈವರನ್ನು ಕ್ಲಚ್ ಹೌಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಬೇರಿಂಗ್ ಗುರುತಿಸುವ ವಿದ್ಯೆ ಮಾತ್ರ ಊರಿನಲ್ಲೇ ಗಟ್ಟಿಯಾಗಿದೆ. ಇಲ್ಲಿ ಹೊಸ ಲಾರಿಗಳಲ್ಲಿ ಹೆಚ್ಚಿನವಕ್ಕೆ ಕ್ಲಚ್ ಪೆಡಲ್ಲೇ ಇಲ್ಲ, ಆಟೋ ಗೇರು. ಹೊಸ ಹುಡುಗರಿಗೆ ಆ ಕಿವಿ ಬೆಳೆಯಲು ಅವಕಾಶವೇ ಸಿಗುತ್ತಿಲ್ಲ.

ಎರಡೂ ಕಡೆ ಅನ್ಯಾಯವಾಗಿ ಗೇರ್ ಬಾಕ್ಸ್ ಇಳಿಸುವ ಸದ್ದೊಂದಿದೆ: ನ್ಯೂಟ್ರಲ್ ಐಡಲಿಂಗಿನ ಕಟಕಟ. ಆಕ್ಸಿಲರೇಟರ್ ಸ್ವಲ್ಪ ಕೊಡಿ. ಬೇರಿಂಗಾದರೆ ಸದ್ದು ಏರುತ್ತದೆ. ಕಟಕಟ ಮಾಯವಾದರೆ ಅದು ಗೇರಿನ ಹಲ್ಲುಗಳ ಕುಣಿತ. ಐಡಲಿಂಗ್ ಇಳಿದಿದೆಯೇ, ಒಂದು ಇಂಜೆಕ್ಟರ್ ತಪ್ಪುತ್ತಿದೆಯೇ, ಪ್ಲೇಟಿನ ಅದುರು ತಡೆಯುವ ಡ್ಯಾಂಪರ್ ಸ್ಪ್ರಿಂಗ್ ಆ ಇಂಜಿನ್ನಿಗೆ ಹೇಳಿ ಮಾಡಿಸಿದ್ದೇನಾ ಎಂದು ನೋಡಿ. ಮೊದಲೆರಡಕ್ಕೆ ಕ್ಲಚ್ ಹೌಸಿಂಗಿನ ಒಂದು ಬೋಲ್ಟನ್ನೂ ಮುಟ್ಟಬೇಕಿಲ್ಲ.